ಬೆಳಕು ದಾರಿಯಲ್ಲೇ ಸೋರಿಹೋಗುತ್ತಿತ್ತು

ನನ್ನ ಹತ್ತಿರ 1965ರ ಮಾಡೆಲ್ ಕಾರೊಂದಿದೆ. ಸೋದರಮಾವ ಓಡಿಸುತ್ತಿದ್ದ ಗಾಡಿ, ಈಗ ನನ್ನ ಪಾಲಿಗೆ ಬಂದಿದೆ. ಹಗಲು ಹೊತ್ತಿನಲ್ಲಿ ಅದು ಚಿನ್ನದಂಥ ಗಾಡಿ. ಕತ್ತಲಾಯಿತೋ, ನನಗೂ ಅದಕ್ಕೂ ಜಗಳ ಶುರು. ಹೆಡ್‌ಲೈಟ್ ಹಾಕಿದರೆ ಮುಂದೆ ಎರಡು ಹಳದಿ ಮಚ್ಚೆ ಕಾಣಿಸುತ್ತಿತ್ತು, ಅಷ್ಟೇ. ಹರಳೆಣ್ಣೆ ದೀಪ ಇದಕ್ಕಿಂತ ವಾಸಿ ಅಂತ ತಮ್ಮ ರೇಗಿಸುತ್ತಿದ್ದ.

ಹಳೇ ಗಾಡಿ ಅಂದಮೇಲೆ ಇಷ್ಟೇ ಬಿಡು ಅಂತ ನಾನೂ ಸುಮ್ಮನಿದ್ದೆ. ಆದರೆ ಒಂದು ರಾತ್ರಿ ಮಳೆ ನಿಂತ ಮೇಲೆ ವಾಪಸ್ ಬರುತ್ತಿದ್ದೆ. ವೇಗ 50 ಕಿಲೋಮೀಟರ್ ಆಸುಪಾಸು. ಎದುರಿಗೆ ಗಾಡಿ ಬಂತು, ಡಿಪ್ ಮಾಡಿದೆ, ಅಂದರೆ ದೂರಕ್ಕೆ ಹೋಗುವ ಹೈ ಬೀಮಿನಿಂದ ಕೆಳಕ್ಕೆ ಬೀಳುವ ಲೋ ಬೀಮಿಗೆ ಇಳಿಸಿದೆ. ರಸ್ತೆಯೇ ಮಾಯ! ಎದುರಿನ ಗಾಡಿ ದಾಟಿ ಹೋಗುವಷ್ಟರಲ್ಲಿ ನನ್ನ ಬಾನೆಟ್ ಮುಂದೆ ತೊಡೆ ಗಾತ್ರದ ಮರದ ಕೊಂಬೆ ಬಿದ್ದಿತ್ತು. ಬ್ರೇಕ್ ಹಿಡಿಯಿತು, ಪುಣ್ಯಕ್ಕೆ ಗಾಡಿ ನಿಂತಿತು. ಇಳಿದು ಕೊಂಬೆ ಎಳೆದು ಪಕ್ಕಕ್ಕೆ ಹಾಕುವಾಗ ಕೈ ನಡುಗುತ್ತಿತ್ತು. 50ರ ವೇಗದಲ್ಲಿ ಗಾಡಿ ಒಂದು ಸೆಕೆಂಡಿಗೆ ಹೆಚ್ಚುಕಮ್ಮಿ 14 ಮೀಟರ್ ಓಡುತ್ತದೆ. ಕಂಡು, ಕಾಲು ಬ್ರೇಕ್ ಮೇಲೆ ಹೋಗುವುದಕ್ಕೇ ಆ ಒಂದು ಸೆಕೆಂಡ್ ಬೇಕು. ನನ್ನ ಲೋ ಬೀಮ್ ತೋರಿಸುತ್ತಿದ್ದದ್ದು ಇಪ್ಪತ್ತು ಮೀಟರೋ ಏನೋ. ಇದು ಹಳೇ ಗಾಡಿಯ ಸೊಗಸು ಅಂತ ಸಹಿಸಿಕೊಳ್ಳುವ ವಿಷಯ ಅಲ್ಲ ಅಂತ ಅವತ್ತು ಅನ್ನಿಸಿತು.

ಜೊತೆಗೆ ನನ್ನ ಕಣ್ಣಿಗೂ ವಯಸ್ಸಾಗಿದೆ. ವಯಸ್ಸಾದ ಹಾಗೆ ಕತ್ತಲಲ್ಲಿ ಕಣ್ಣಿನ ಪಾಪೆ ಮೊದಲಿನಷ್ಟು ಅಗಲವಾಗುವುದಿಲ್ಲ, ಒಳಗಿನ ಮಸೂರ ಹಳದಿಗೆ ತಿರುಗುತ್ತದೆ. ಅದನ್ನು ಗ್ಯಾರೇಜಿನಲ್ಲಿ ರಿಪೇರಿ ಮಾಡುವ ಹಾಗಿಲ್ಲ. ಹಾಗಾಗಿ ಕಾರಿನ ಕಣ್ಣಿಗೆ ಕೈ ಹಾಕಿದೆ.

ಮೊದಲು ಮಾಡಿದ್ದು ಎಲ್ಲರೂ ಮಾಡುವ ಕೆಲಸ. ಹೊಸ ದೀಪ ಕೊಂಡೆ.

ನನ್ನ ಕಾರಿನಲ್ಲಿ ಇದ್ದದ್ದು 7 ಇಂಚಿನ ದುಂಡನೆಯ ಸೀಲ್ಡ್ ಬೀಮ್. ಗಾಜು, ಒಳಗಿನ ಕನ್ನಡಿ, ಉರಿಯುವ ಎಳೆ, ಮೂರೂ ಸೇರಿ ಒಂದೇ ದೊಡ್ಡ ಬಲ್ಬ್. ಎಳೆ ಸುಟ್ಟುಹೋದರೆ ಇಡೀ ದೀಪವನ್ನೇ ಎಸೆಯಬೇಕು. ಅಮೆರಿಕದಲ್ಲಿ 1940ರ ಮಾಡೆಲ್‌ಗಳಿಂದ ಈ ಅಳತೆಯೇ ಮಾಮೂಲಾಯಿತು. ಆಮೇಲೆ ಎಷ್ಟೋ ದೇಶದ ಕಾರುಗಳು ಅದೇ 7 ಇಂಚನ್ನು ಹಿಡಿದವು. ನಮ್ಮಂಥವರಿಗೆ ಅದೇ ದೊಡ್ಡ ಉಪಕಾರ. ಬಲ್ಬ್ ಬದಲಾಯಿಸಬಹುದಾದ ಹ್ಯಾಲೊಜೆನ್ ದೀಪವೂ ಅದೇ ಅಳತೆಯಲ್ಲಿ ಸಿಗುತ್ತದೆ, ಹಳೆಯದರ ಜಾಗದಲ್ಲಿ ನೆಟ್ಟಗೆ ಕೂರುತ್ತದೆ. ಕಾರಿನ ಮುಖ ಕೆಡುವುದಿಲ್ಲ. ಮುಂದೆ ಯಾರಿಗಾದರೂ ಹಳೆಯದೇ ಬೇಕು ಅನ್ನಿಸಿದರೆ ಹತ್ತು ನಿಮಿಷದಲ್ಲಿ ವಾಪಸ್ ಹಾಕಬಹುದು. ಮಾವನ ಗಾಡಿಗೆ ಎಲ್ಲೂ ಹೊಸ ತೂತು ಕೊರೆಯಬಾರದು, ಒಂದು ವೈರನ್ನೂ ಕತ್ತರಿಸಬಾರದು ಅಂತ ಮೊದಲೇ ತೀರ್ಮಾನ ಮಾಡಿದ್ದೆ.

ಒಳಗೆ ಹಾಕುವ ಬಲ್ಬ್ ಎಚ್4. ಹೈ ಬೀಮಿಗೆ 60 ವಾಟ್, ಲೋ ಬೀಮಿಗೆ 55. 1970ರ ದಶಕದಿಂದ ಇರುವ ಬಲ್ಬ್ ಇದು, ಎಲ್ಲೆಲ್ಲೂ ಸಿಗುತ್ತದೆ. ಇದರ ಗಾಜನ್ನು ಬರಿಗೈಯಲ್ಲಿ ಮುಟ್ಟಬಾರದು. ಬೆರಳಿನ ಜಿಡ್ಡು ಅಂಟಿದ ಜಾಗ ಜಾಸ್ತಿ ಕಾದು ಬಲ್ಬ್ ಬೇಗ ಸಾಯುತ್ತದೆ. ನಾನು ಟಿಶ್ಯೂ ಹಿಡಿದುಕೊಂಡು ಹೂವಿನ ಹಾಗೆ ಎತ್ತಿಟ್ಟೆ.

ದೀಪ ಬಿಚ್ಚುವಾಗಲೇ ಮೊದಲ ತಪ್ಪು ಮಾಡಿದೆ. ಹೊರಗಿನ ಕ್ರೋಮ್ ರಿಂಗ್ ತೆಗೆದರೆ ಒಳಗೆ ಐದು ಸ್ಕ್ರೂ ಕಾಣುತ್ತವೆ. ಅದರಲ್ಲಿ ಮೂರು ದೀಪವನ್ನು ಹಿಡಿದಿರುವ ಸಣ್ಣ ರಿಂಗಿನವು. ಉಳಿದ ಎರಡು ದೀಪವನ್ನು ಮೇಲೆ ಕೆಳಗೆ, ಎಡಕ್ಕೆ ಬಲಕ್ಕೆ ತಿರುಗಿಸುವವು. ನಾನು ಕೈಗೆ ಸಿಕ್ಕಿದ ಸ್ಕ್ರೂ ತಿರುಗಿಸಿದೆ. ತಿರುಗಿಸಿದಷ್ಟೂ ತಿರುಗಿತು, ದೀಪ ಮಾತ್ರ ಆಚೆ ಬರಲಿಲ್ಲ, ಸುಮ್ನೆ ಆಕಾಶ ನೋಡತೊಡಗಿತು. ಆಗ ಗೊತ್ತಾಯಿತು ಮುಟ್ಟಬಾರದ್ದನ್ನು ಮುಟ್ಟಿದ್ದೇನೆ ಅಂತ.

ದೀಪದ ಹಿಂದಿನ ಬಟ್ಟಲಿನಲ್ಲಿ ಒಂದು ಹಿಡಿ ಒಣಗಿದ ಕೆಸರು ಇತ್ತು. ಮಡ್‌ಗಾರ್ಡ್ ಒಳಗಿಂದ ಚಕ್ರ ಎರಚಿದ್ದು ಅಲ್ಲಿಗೇ ಬಂದು ಕೂರುತ್ತದೆ. ಬಟ್ಟಲಿನ ತಳ ತುಕ್ಕು ಹಿಡಿದು ಜರಡಿಯಾಗಿತ್ತು. ಎಲ್ಲ ಕೆರೆದು, ತುಕ್ಕು ತಡೆಯುವ ಬಣ್ಣ ಬಳಿದು, ಒಣಗಿಸಿ, ಹೊಸ ದೀಪ ಕೂರಿಸಿದೆ.

ಸಂಜೆ ತಮ್ಮನನ್ನೂ ಕರೆದು ಸ್ವಿಚ್ ಹಾಕಿದೆ.

"ಅಣ್ಣ, ಹಾಕಿದ್ಯಾ?" ಅಂದ.

ಹಾಕಿದ್ದೆ. ಬೆಳಕು ಮೊದಲಿಗಿಂತ ಒಂದು ಚೂರು ಜಾಸ್ತಿ ಇತ್ತು, ಸುಳ್ಳು ಹೇಳಬಾರದು. ಆದರೆ ಅದೇ ಹಳದಿ, ಅದೇ ಸೋಮಾರಿತನ. ಎಡಗಡೆಯ ದೀಪವಂತೂ ಕೆಂಡದ ಹಾಗೆ ಮಿಣುಕುತ್ತಿತ್ತು. ಇನ್ನೊಂದು ವಿಚಿತ್ರ ಅಂದರೆ, ಲೋ ಬೀಮಿನಲ್ಲಿದ್ದರೂ ಡ್ಯಾಶ್‌ಬೋರ್ಡಿನ ನೀಲಿ ದೀಪ, ಅದೇ ಹೈ ಬೀಮ್ ಹಾಕಿದಾಗ ಉರಿಯುವುದು, ಮಂಕಾಗಿ ಉರಿಯುತ್ತಿತ್ತು. ಪೂರ್ತಿ ಅಲ್ಲ. ಮಿಂಚುಹುಳದಷ್ಟು.

ಮಾರನೇ ದಿನ ಪರಿಚಯದ ಆಟೋ ಎಲೆಕ್ಟ್ರಿಷಿಯನ್ ಒಬ್ಬರ ಹತ್ತಿರ ಹೇಳಿಕೊಂಡೆ. ವಯಸ್ಸಾದವರು, ಈಗ ಕೆಲಸ ಬಿಟ್ಟಿದ್ದಾರೆ. ಎಲ್ಲ ಕೇಳಿ ನಕ್ಕರು.

"ನಲ್ಲೀಲಿ ನೀರು ಸಣ್ಣಗೆ ಬರ್ತಿದೆ ಅಂತ ನೀವು ನಲ್ಲಿ ಬದಲಾಯಿಸಿದ್ದೀರಿ ಸಾರ್. ಪೈಪ್ ನೋಡಿದ್ರಾ?"

ನೋಡಿರಲಿಲ್ಲ.

ನೀಲಿ ದೀಪದ ಗುಟ್ಟನ್ನು ಅವರೇ ಬಿಡಿಸಿದರು. ಎಚ್4 ಬಲ್ಬಿನಲ್ಲಿ ಎರಡು ಎಳೆ, ಎರಡಕ್ಕೂ ಸೇರಿ ಒಂದೇ ಅರ್ತ್, ಅಂದರೆ ಕರೆಂಟು ಕಾರಿನ ಬಾಡಿ ಹಾದು ಬ್ಯಾಟರಿಗೆ ವಾಪಸ್ ಹೋಗುವ ದಾರಿ. ಎಡಗಡೆಯ ದೀಪದ ಅರ್ತ್ ಕೆಟ್ಟಿದ್ದರೆ ಲೋ ಬೀಮಿಗೆ ಬಂದ ಕರೆಂಟಿಗೆ ಹೊರಗೆ ಹೋಗಲು ದಾರಿ ಇಲ್ಲ. ಅದು ಅದೇ ಬಲ್ಬಿನ ಹೈ ಬೀಮ್ ಎಳೆಯೊಳಗೆ ನುಗ್ಗಿ, ಹೈ ಬೀಮ್ ವೈರಿನಲ್ಲಿ ಹಿಂದಕ್ಕೆ ಹರಿದು, ಬಲಗಡೆಯ ದೀಪದ ಹೈ ಬೀಮ್ ಎಳೆ ಹಾದು ಅಲ್ಲಿನ ಅರ್ತ್ ಸೇರುತ್ತದೆ. ಮೂರು ಎಳೆ ಒಂದರ ಹಿಂದೆ ಒಂದು ಸಾಲಾಗಿ ನಿಂತರೆ ಯಾವುದಕ್ಕೂ ಹೊಟ್ಟೆ ತುಂಬುವುದಿಲ್ಲ. ಆ ಹೈ ಬೀಮ್ ವೈರಿಗೇ ನೀಲಿ ದೀಪವೂ ಜೋತುಬಿದ್ದಿರುತ್ತದೆ, ಹಾಗಾಗಿ ಅದೂ ಮಿಣುಕುತ್ತದೆ. ಬಾಗಿಲು ಮುಚ್ಚಿದ್ದಕ್ಕೆ ಕರೆಂಟು ಪಕ್ಕದ ಮನೆಯ ಹಿತ್ತಲಿಂದ ಹಾರಿ ಹೋದ ಹಾಗೆ.

ಅರ್ತ್ ವೈರ್ ಹುಡುಕಿದೆ. ಬಟ್ಟಲಿನ ಪಕ್ಕದಲ್ಲೇ ಕಾರಿನ ಬಾಡಿಯ ತಗಡಿಗೆ ಒಂದು ಸ್ಕ್ರೂನಲ್ಲಿ ಕಚ್ಚಿಸಿದ್ದರು. ಸ್ಕ್ರೂ ಬಿಗಿಯಾಗೇ ಇತ್ತು. ಆದರೆ ತುದಿಯ ಉಂಗುರಕ್ಕೂ ಬಾಡಿಯ ತಗಡಿಗೂ ನಡುವೆ ಯಾವ ಕಾಲದಲ್ಲೋ ಬಳಿದ ಬಣ್ಣ, ಅದರ ಮೇಲೆ ಹಸಿರು ಕಿಲುಬು. ಉಪ್ಪು ಕಾಗದದಿಂದ ಲೋಹ ಹೊಳೆಯುವ ತನಕ ಉಜ್ಜಿದೆ. ಹೊಸ ಉಂಗುರ ಹಾಕಿದೆ, ಮೇಲೆ ಗ್ರೀಸ್ ಸವರಿದೆ. ನೀಲಿ ದೀಪ ಆರಿತು, ಎಡಗಡೆ ದೀಪ ಬಲಗಡೆಯದಕ್ಕೆ ಜೋಡಿಯಾಯಿತು. ಖರ್ಚು ಅಂದರೆ ಒಂದು ಸಣ್ಣ ಚೂರು ಉಪ್ಪು ಕಾಗದ.

ಆದರೂ ಹಳದಿ ಹೋಗಲಿಲ್ಲ. ಆಗ ವೋಲ್ಟೇಜ್ ಅಳೆಯುವ ಮಲ್ಟಿಮೀಟರ್ ಹಿಡಿದು ಕೂತೆ. ಹೊಸ ದೀಪ ಕೊಳ್ಳುವ ಮೊದಲೇ ಈ ಕೆಲಸ ಮಾಡಬೇಕಿತ್ತು.

ಅಳೆಯುವುದು ಸುಲಭ, ಆದರೆ ದೀಪ ಉರಿಯುತ್ತಿರುವಾಗಲೇ ಅಳೆಯಬೇಕು. ದೀಪ ಆರಿಸಿ, ಬಲ್ಬ್ ಕಿತ್ತು ಅಳೆದರೆ ಎಂಥ ಕೊಳೆತ ವೈರೂ ಪೂರ್ತಿ ವೋಲ್ಟೇಜ್ ತೋರಿಸುತ್ತದೆ. ಕರೆಂಟ್ ಹರಿಯದೆ ಇದ್ದರೆ ಅದರ ಬಂಡವಾಳ ಬಯಲಾಗುವುದಿಲ್ಲ. ತಮ್ಮನಿಗೆ ಎಂಜಿನ್ ಸ್ವಲ್ಪ ಏರಿಸಿ ಹಿಡಿದುಕೊಳ್ಳಲು ಹೇಳಿದೆ. ಬ್ಯಾಟರಿಯ ತುದಿಗಳ ಮೇಲೆ 13.8 ವೋಲ್ಟ್. ಸರಿ. ಬಲ್ಬಿನ ಹಿಂದೆ, ಪ್ಲಗ್ ಪಿನ್ನುಗಳ ಮೇಲೆ 11.2.

ಮತ್ತೆ ಅಳೆದೆ. 11.2.

2.6 ವೋಲ್ಟ್ ದಾರಿಯಲ್ಲೇ ಮಾಯ. ಆಮೇಲೆ ತುಂಡು ತುಂಡಾಗಿ ಅಳೆದು ಕಳ್ಳರನ್ನು ಹಿಡಿದೆ. ಮಾವನ ಕಾಲದ ಲೈಟ್ ಸ್ವಿಚ್ಚು, ಕಾಲಿನಲ್ಲಿ ಒತ್ತುವ ಡಿಪ್ ಸ್ವಿಚ್ಚು ಎರಡೂ ಸೇರಿ 1.1 ವೋಲ್ಟ್ ನುಂಗುತ್ತಿದ್ದವು. ತೆಳ್ಳನೆಯ ವೈರು ಮತ್ತು ಅದರ ಜಾಯಿಂಟುಗಳು 0.9. ಅರ್ತ್ ಕಡೆಯಿಂದ ಇನ್ನೂ 0.6. ನಾನು ಉಜ್ಜಿದ್ದು ಒಂದು ತುದಿ ಮಾತ್ರ, ಎಂಜಿನ್ನಿಗೂ ಬಾಡಿಗೂ ಇರುವ ಅರ್ತ್ ಪಟ್ಟಿ ಹಾಗೇ ಕೊಳೆತು ಬಿದ್ದಿತ್ತು.

2.6 ವೋಲ್ಟ್ ಅಂದರೆ ಐದರಲ್ಲಿ ಒಂದು ಪಾಲು ಬೆಳಕು ಕಮ್ಮಿ, ಅಷ್ಟೇ ತಾನೆ ಅಂತ ನಾನೂ ಅಂದುಕೊಂಡಿದ್ದೆ. ಎಳೆ ಉರಿಯುವ ಬಲ್ಬಿನ ಲೆಕ್ಕ ಹಾಗಿಲ್ಲ. ಎಳೆ ತುಸು ತಣ್ಣಗಾದರೂ ಬೆಳಕು ಧುಪ್ಪನೆ ಬೀಳುತ್ತದೆ. ವೋಲ್ಟೇಜ್ ಹತ್ತನೇ ಒಂದು ಪಾಲು ಇಳಿದರೆ ಬೆಳಕು ಸುಮಾರು ಶೇಕಡಾ 30 ಇಳಿಯುತ್ತದೆ. ನನ್ನ ಬಲ್ಬುಗಳಿಗೆ ಸಿಗುತ್ತಿದ್ದ 11.2 ವೋಲ್ಟಿನಲ್ಲಿ ಅವು ಕೊಡಬೇಕಾದ ಬೆಳಕಿನ ಅರ್ಧಕ್ಕಿಂತ ಸ್ವಲ್ಪ ಜಾಸ್ತಿ ಕೊಡುತ್ತಿದ್ದವು, ಅಷ್ಟೇ. ಬಣ್ಣ ಹಳದಿಯಾಗಿದ್ದದ್ದೂ ಅದಕ್ಕೇ. ಪಾಪ, ಅರ್ಧ ಸಂಬಳಕ್ಕೆ ದುಡಿಯುತ್ತಿದ್ದವನನ್ನು ನಾನು ಸೋಮಾರಿ ಅಂದಿದ್ದೆ.

ಈ ಹಂತದಲ್ಲಿ ಒಂದು ಆಸೆ ಬಂತು. 100/90 ವಾಟಿನ ಬಲ್ಬ್ ಹಾಕಿಬಿಟ್ಟರೆ? ಹಾಕಿದವರು ಬೇಕಾದಷ್ಟು ಜನ ಇದ್ದಾರೆ. ನಾನು ಹಾಕಲಿಲ್ಲ, ಲೆಕ್ಕ ಮಾಡಿದೆ. ನನ್ನ ಕಾರಿನಲ್ಲಿ ಕರೆಂಟು ಹುಟ್ಟಿಸುವುದು ಡೈನಮೋ. ಕೈಪಿಡಿಯ ಪ್ರಕಾರ ಅದರ ಶಕ್ತಿ 22 ಆಂಪಿಯರ್, ಅದೂ ಎಂಜಿನ್ ಚೆನ್ನಾಗಿ ತಿರುಗುವಾಗ. ಐಡಲಿಂಗಿನಲ್ಲಿ ಅದರಿಂದ ಹೆಚ್ಚೇನೂ ಬರುವುದಿಲ್ಲ. 55 ವಾಟಿನ ಎರಡು ದೀಪಕ್ಕೆ 9 ಆಂಪಿಯರ್ ಚಿಲ್ಲರೆ. ಹಿಂದಿನ ದೀಪ, ನಂಬರ್ ಪ್ಲೇಟ್ ದೀಪ, ಮೀಟರಿನ ದೀಪ ಎಲ್ಲ ಸೇರಿ ಇನ್ನೊಂದು 2. ಇಗ್ನಿಷನ್‌ಗೆ 4, ಮಳೆ ಬಂದರೆ ವೈಪರಿಗೆ 3. ಅಲ್ಲಿಗೆ 18 ಆಯಿತು. ಹಾರ್ನ್ ಹೊಡೆಯಲು, ಬ್ರೇಕ್ ಲೈಟ್ ಉರಿಯಲು ಉಳಿಯುವುದು ನಾಲ್ಕೇ ಆಂಪಿಯರ್. 90 ವಾಟಿನ ಜೋಡಿ ಹಾಕಿದರೆ ದೀಪಕ್ಕೇ 15 ಬೇಕು. ಬ್ಯಾಟರಿಯಿಂದ ಸಾಲ ಮಾಡಿಕೊಂಡು ಮನೆ ಸೇರಬೇಕು. ಅದರ ಮೇಲೆ ಆ ಹಳೇ ಸ್ವಿಚ್ಚು ಕರಗುತ್ತದೆ, ಪ್ಲಗ್ಗು ಸುಡುತ್ತದೆ. ರಸ್ತೆಗೆ ಅಂತ ಒಪ್ಪಿಗೆ ಪಡೆದ ಬಲ್ಬೂ ಅಲ್ಲ ಅದು.

ಹಾಗಾಗಿ ರಿಲೇ ಹಾಕುವುದು ಅಂತ ಆಯಿತು.

ರಿಲೇ ಅಂದರೆ ಕರೆಂಟಿನಿಂದ ಒತ್ತುವ ಸ್ವಿಚ್ಚು. ಒಳಗೆ ಒಂದು ಸಣ್ಣ ಕಾಯಿಲ್ ಇರುತ್ತದೆ. ಅದಕ್ಕೆ ಕಾಲು ಆಂಪಿಯರ್‌ಗಿಂತ ಕಮ್ಮಿ ಕರೆಂಟ್ ಸಾಕು. ಕಾಯಿಲ್ ಅಯಸ್ಕಾಂತವಾಗಿ ಒಂದು ತಗಡನ್ನು ಎಳೆದುಕೊಳ್ಳುತ್ತದೆ, ಆ ತಗಡು ದೊಡ್ಡ ಕರೆಂಟಿಗೆ ದಾರಿ ಬಿಡುತ್ತದೆ. ಇಲ್ಲಿಯವರೆಗೆ ದೀಪದ ಅಷ್ಟೂ ಕರೆಂಟು ಬ್ಯಾಟರಿಯಿಂದ ಹೊರಟು ಡ್ಯಾಶ್‌ಬೋರ್ಡಿಗೆ ಬಂದು, ಸ್ವಿಚ್ಚಿನೊಳಗೆ ನುಸುಳಿ, ನನ್ನ ಎಡಗಾಲಿನ ಬುಡಕ್ಕೆ ಇಳಿದು, ಅಲ್ಲಿಂದ ಮತ್ತೆ ಮುಂದಕ್ಕೆ ಹೋಗುತ್ತಿತ್ತು. ಇನ್ನು ಮೇಲೆ ಅಷ್ಟು ದೂರ ಹೋಗುವುದು ಬರೀ ಅಪ್ಪಣೆ ಮಾತ್ರ. ಕರೆಂಟು ಬ್ಯಾಟರಿಯಿಂದ ನೇರವಾಗಿ ದೀಪಕ್ಕೆ.

ರಿಲೇ ಕಾಲುಗಳ ಮೇಲೆ ನಂಬರ್ ಇರುತ್ತದೆ, ಯಾವ ಕಂಪನಿಯದಾದರೂ ಹೆಚ್ಚುಕಮ್ಮಿ ಅದೇ. 30ಕ್ಕೆ ಬ್ಯಾಟರಿಯಿಂದ ಬಂದ ವೈರು. 87ರಿಂದ ಫ್ಯೂಸ್ ಹಾದು ದೀಪಕ್ಕೆ. 85 ಅರ್ತ್. 86ಕ್ಕೆ ಹಿಂದೆ ದೀಪಕ್ಕೆ ಹೋಗುತ್ತಿದ್ದ ಹಳೇ ವೈರು, ಈಗ ಅದು ಅಪ್ಪಣೆ ತರುವ ಜವಾನ. ಲೋ ಬೀಮಿಗೆ ಒಂದು ರಿಲೇ, ಹೈ ಬೀಮಿಗೆ ಒಂದು. ಹಳೇ ದೀಪದ ಪ್ಲಗ್ಗಿಗೆ ಹೊಂದುವ ಮೂರು ಪಿನ್ನಿನ ತುಂಡೊಂದು ಸಿಕ್ಕಿತು. ಅದನ್ನೇ ಹಳೇ ಪ್ಲಗ್ಗಿಗೆ ಚುಚ್ಚಿ ಅಪ್ಪಣೆ ಪಡೆದೆ. ಮಾವನ ವೈರಿಂಗಿಗೆ ಕತ್ತರಿ ತಾಗಲಿಲ್ಲ.

ದೀಪಕ್ಕೆ ಹೋಗುವ ವೈರ್ 2.5 ಸ್ಕ್ವೇರ್ ಎಂಎಂ ತಾಮ್ರದ್ದು. ಅರ್ತ್ ವೈರೂ ಅಷ್ಟೇ ದಪ್ಪ. ಇದನ್ನು ಒತ್ತಿ ಹೇಳುತ್ತೇನೆ. ಪ್ಲಸ್ ಕಡೆಗೆ ಹಗ್ಗದಂಥ ವೈರು ಎಳೆದು, ಅರ್ತಿಗೆ ದಾರದಂಥದ್ದು ಹಾಕುವವರನ್ನು ನೋಡಿದ್ದೇನೆ. ಹೋದಷ್ಟೇ ಕರೆಂಟು ವಾಪಸ್ಸೂ ಬರಬೇಕಲ್ವಾ?

ಫ್ಯೂಸ್ ವಿಷಯದಲ್ಲಿ ಎಲೆಕ್ಟ್ರಿಷಿಯನ್ ನನ್ನ ಕಿವಿ ಹಿಂಡಿದರು. ಕಾರ್ಖಾನೆಯಿಂದ ಬಂದಾಗ ನನ್ನ ಕಾರಿನ ಹೆಡ್‌ಲೈಟಿಗೆ ಫ್ಯೂಸೇ ಇರಲಿಲ್ಲ, ಆ ಕಾಲದ ಎಷ್ಟೋ ಕಾರುಗಳಿಗೆ ಇರಲಿಲ್ಲ. ನಾನು ಒಂದೇ ಒಂದು 15 ಆಂಪಿಯರ್ ಫ್ಯೂಸ್ ಹಾಕಿ ಜಾಣನಾದೆ ಅಂದುಕೊಂಡಿದ್ದೆ.

"ರಾತ್ರಿ ತಿರುವಿನಲ್ಲಿ ಆ ಫ್ಯೂಸ್ ಹೋದ್ರೆ ಏನ್ಮಾಡ್ತೀರಿ?" ಅಂದರು.

ನಾನು ಮಾತಾಡಲಿಲ್ಲ. ಎರಡೂ ದೀಪ ಒಟ್ಟಿಗೆ ಆರುತ್ತವೆ, ಅಷ್ಟೇ. ಆಮೇಲೆ ಎಡದ ಲೋ, ಬಲದ ಲೋ, ಎಡದ ಹೈ, ಬಲದ ಹೈ ಅಂತ ನಾಲ್ಕಕ್ಕೂ ಬೇರೆ ಬೇರೆ 10 ಆಂಪಿಯರ್ ಫ್ಯೂಸ್ ಹಾಕಿದೆ. ಫ್ಯೂಸ್ ಪೆಟ್ಟಿಗೆ ಬ್ಯಾಟರಿಯಿಂದ ಒಂದು ಗೇಣು ದೂರದಲ್ಲಿದೆ. ಆ ಗೇಣುದ್ದದ ವೈರಿಗೆ ಮಾತ್ರ ಕಾವಲಿಲ್ಲ, ಅದಕ್ಕೆ ದಪ್ಪ ಕೊಳವೆ ತೊಡಿಸಿ ಬಾಡಿಯ ತಗಡಿಗೆ ಉಜ್ಜದ ಹಾಗೆ ಕಟ್ಟಿದ್ದೇನೆ. ರಿಲೇಗಳನ್ನು ಕಾಲು ಕೆಳಗೆ ಬರುವ ಹಾಗೆ ನಿಲ್ಲಿಸಿದೆ, ನೀರು ಬಿದ್ದರೂ ಒಳಗೆ ಇಳಿಯಬಾರದಲ್ಲ. ಮೊದಲೇ ಇದ್ದ ಒಂದು ಬೋಲ್ಟಿಗೇ ಪಟ್ಟಿ ಕೊಟ್ಟು ಅವನ್ನು ಕೂರಿಸಿದೆ. ಹೊಸ ತೂತಿಲ್ಲ.

ಇಷ್ಟಕ್ಕೆ ಮೂರು ಭಾನುವಾರ ಹಿಡಿಯಿತು. ಅದರಲ್ಲಿ ಒಂದು ಪೂರ್ತಿ ಭಾನುವಾರ ವೈರ್ ತುದಿಗೆ ಟರ್ಮಿನಲ್ ಒತ್ತುವುದನ್ನು ಕಲಿಯುವುದಕ್ಕೇ ಹೋಯಿತು. ಮಾಮೂಲಿ ಇಕ್ಕಳದಲ್ಲಿ ಚಪ್ಪಟೆ ಮಾಡಿದ ಟರ್ಮಿನಲ್ ಜಗ್ಗಿದರೆ ಕೈಗೆ ಬರುತ್ತಿತ್ತು. ಸರಿಯಾದ ಒತ್ತುವ ಇಕ್ಕಳ ತಂದೆ. ಒಂದೊಂದನ್ನೂ ಒತ್ತಿದ ಮೇಲೆ ಜಗ್ಗಿ ನೋಡಿದೆ. ಜಗ್ಗಿದರೆ ಬಾರದಿದ್ದದ್ದು ಮಾತ್ರ ಕಾರಿಗೆ.

ನಾಲ್ಕನೇ ಭಾನುವಾರ ಸಂಜೆ ಸ್ವಿಚ್ ಎಳೆದೆ. ಬಾನೆಟ್ ಒಳಗಿಂದ "ಟಕ್" ಅಂತ ಸದ್ದು. ಎದುರಿನ ಗೋಡೆ ಬೆಳ್ಳಗಾಯಿತು. ಹಳದಿ ಅಲ್ಲ, ಬಿಳಿ. ಓಡಿ ಹೋಗಿ ಮೀಟರ್ ಹಿಡಿದೆ. ಬ್ಯಾಟರಿ 13.8, ಬಲ್ಬಿನ ಪಿನ್ನಿನಲ್ಲಿ 13.4. ಅದೇ ಬಲ್ಬ್, ಅದೇ ಗಾಜು. ಬೆಳಕು ಮಾತ್ರ ಲೆಕ್ಕದ ಪ್ರಕಾರ ಮೊದಲಿನ ಒಂದೂ ಮುಕ್ಕಾಲು ಪಟ್ಟು ಮೀರಿತ್ತು. ಡಿಪ್ ಸ್ವಿಚ್ ಒತ್ತಿದರೆ ಒಂದು ಟಕ್, ಮತ್ತೆ ಒತ್ತಿದರೆ ಇನ್ನೊಂದು ಟಕ್. ಸುಮ್ನೆ ಹತ್ತು ಸಲ ಒತ್ತಿದೆ. ತಮ್ಮ ಒಳಗಿಂದ, "ಬ್ಯಾಟರಿ ಇಳಿಯುತ್ತೆ ಅಣ್ಣ, ಸಾಕು," ಅಂದ.

ಅದೇ ಗೋಡೆಯ ಮೇಲೆ ನನ್ನ ಎರಡನೇ ದೊಡ್ಡ ತಪ್ಪೂ ಬಯಲಾಯಿತು.

ಎಚ್4 ಬಲ್ಬಿನ ಲೋ ಬೀಮ್ ಎಳೆಯ ಕೆಳಗೆ ಚಮಚದಂಥ ಒಂದು ಪುಟ್ಟ ತಗಡು ಇರುತ್ತದೆ. ಅದು ಕೆಳಗಡೆ ಹೋಗುವ ಬೆಳಕನ್ನು ತಡೆಯುತ್ತದೆ. ಹಾಗಾಗಿ ಗೋಡೆಯ ಮೇಲೆ ಬೆಳಕಿನ ಮೇಲಂಚು ಚಾಕುವಿನಲ್ಲಿ ಕತ್ತರಿಸಿದ ಹಾಗೆ ಬರುತ್ತದೆ. ಗೆರೆಯ ಕೆಳಗೆ ಬೆಳಕು, ಮೇಲೆ ಕತ್ತಲು. ಎದುರಿನವರ ಕಣ್ಣು ಆ ಕತ್ತಲಲ್ಲಿ ಇರಬೇಕು. ಆದರೆ ಗೆರೆ ಪೂರ್ತಿ ಅಡ್ಡಕ್ಕಿರುವುದಿಲ್ಲ. ನಾವು ಓಡಿಸುವ ಪಕ್ಕದಲ್ಲಿ ಸುಮಾರು 15 ಡಿಗ್ರಿ ಮೇಲಕ್ಕೆ ಏರುತ್ತದೆ, ರಸ್ತೆ ಅಂಚಿನಲ್ಲಿ ನಡೆಯುವವರು, ಫಲಕಗಳು ದೂರದಿಂದ ಕಾಣಲಿ ಅಂತ. ರಸ್ತೆಯ ಎಡಕ್ಕೆ ಓಡಿಸುವ ಕಡೆ ಗೆರೆ ಎಡಕ್ಕೆ ಏರಬೇಕು.

ನನ್ನದು ಬಲಕ್ಕೆ ಏರುತ್ತಿತ್ತು.

ಅಂದರೆ ಎದುರು ಬರುವವರ ಕಣ್ಣಿಗೆ ಗುರಿಯಿಟ್ಟು ಹೊಡೆಯುತ್ತಿತ್ತು. ನಾನು ತಂದದ್ದು ಬಲಕ್ಕೆ ಓಡಿಸುವ ದೇಶಗಳ ಗಾಜು. ಯುರೋಪಿನ ನಿಯಮದ ಗಾಜಿನ ಮೇಲೆ ಇದಕ್ಕೆ ಗುರುತೂ ಇರುತ್ತದೆ. ಎಡಕ್ಕೆ ಓಡಿಸುವವರ ದೀಪಕ್ಕೆ ಒಂದು ಬಾಣದ ಗುರುತು, ದೀಪದ ಎದುರು ನಿಂತು ನೋಡಿದರೆ ಅದು ನಮ್ಮ ಬಲಗೈ ಕಡೆಗೆ ತೋರಿಸುತ್ತದೆ. ಬಲಕ್ಕೆ ಓಡಿಸುವವರ ದೀಪಕ್ಕೆ ಬಾಣವೇ ಇರುವುದಿಲ್ಲ. ನನ್ನ ಗಾಜಿನ ಮೇಲೆ ಬಾಣ ಇರಲಿಲ್ಲ. ಕೊಳ್ಳುವಾಗ ನೋಡಬೇಕು ಅಂತ ಗೊತ್ತಿದ್ದರೆ ತಾನೆ? ಮಾರಿದವರು ತಕರಾರು ಮಾಡದೆ ಬದಲಾಯಿಸಿಕೊಟ್ಟರು. ಒಂದು ವಾರ ಕಾರು ಕಣ್ಣಿಲ್ಲದೆ ನಿಂತಿತ್ತು.

ಹೊಸ ಗಾಜು ಬಂದ ಮೇಲೆ ದೀಪ ಗುರಿಗೆ ಕೂರಿಸುವ ಕೆಲಸ. ಇಡೀ ಕೆಲಸದಲ್ಲಿ ನನಗೆ ತುಂಬಾ ಇಷ್ಟವಾದದ್ದು ಇದೇ, ಯಾಕೆಂದರೆ ಇದಕ್ಕೆ ಏನೂ ಕೊಳ್ಳಬೇಕಿಲ್ಲ. ಸಮತಟ್ಟಾದ ಜಾಗ, ಒಂದು ಗೋಡೆ, ಸೀಮೆಸುಣ್ಣ, ಅಳತೆ ಟೇಪು. ಟೈರುಗಳಿಗೆ ಸರಿಯಾದ ಗಾಳಿ ಹಾಕಿಸಿದೆ. ಡಿಕ್ಕಿ ಖಾಲಿ ಮಾಡಿದೆ. ತಮ್ಮನನ್ನು ಡ್ರೈವರ್ ಸೀಟಿನಲ್ಲಿ ಕೂರಿಸಿದೆ, ಅವನ ತೂಕಕ್ಕೂ ಕಾರಿನ ಮೂತಿ ಏಳುತ್ತದೆ ಇಳಿಯುತ್ತದೆ. ದೀಪದ ನಡುಮಧ್ಯ ನೆಲದಿಂದ 64 ಸೆಂಟಿಮೀಟರ್ ಎತ್ತರದಲ್ಲಿತ್ತು. ಗೋಡೆಯಿಂದ 10 ಮೀಟರ್ ದೂರ ಕಾರು ನಿಲ್ಲಿಸಿ, ಗೋಡೆ ಮೇಲೆ 64ರಲ್ಲಿ ಒಂದು ಗೆರೆ, 54ರಲ್ಲಿ ಇನ್ನೊಂದು ಗೆರೆ ಎಳೆದೆ. ಒಂದು ದೀಪದ ಮುಂದೆ ರಟ್ಟು ಹಿಡಿದು, ಇನ್ನೊಂದರ ಬೆಳಕಿನ ಅಂಚು ಕೆಳಗಿನ ಗೆರೆಗೆ ಕೂರುವ ತನಕ ಮೇಲಿನ ಸ್ಕ್ರೂ ತಿರುಗಿಸಿದೆ. ಗೆರೆ ಏರಲು ಶುರುವಾಗುವ ಮೂಲೆ ಆ ದೀಪದ ನೇರಕ್ಕೆ ಬರುವ ಹಾಗೆ ಪಕ್ಕದ ಸ್ಕ್ರೂ.

10 ಮೀಟರಿಗೆ 10 ಸೆಂಟಿಮೀಟರ್ ಇಳಿತ ಅಂದರೆ ನೂರಕ್ಕೆ ಒಂದು. 64 ಸೆಂಟಿಮೀಟರ್ ಎತ್ತರದಿಂದ ಹೊರಟ ಬೆಳಕು 64 ಮೀಟರ್ ದೂರದಲ್ಲಿ ನೆಲ ಮುಟ್ಟುತ್ತದೆ. ಅವತ್ತು ಕೊಂಬೆ ಕಂಡದ್ದು ಎಷ್ಟು ದೂರದಲ್ಲಿ ಅಂತ ನೆನೆಸಿಕೊಂಡೆ. ಇನ್ನೊಂದು ವಿಷಯ. ಮೊದಲ ದಿನ ಗೊತ್ತಿಲ್ಲದೆ ನಾನು ತಿರುಗಿಸಿದ ಸ್ಕ್ರೂ ಎರಡು ಸುತ್ತೂ ಇರಲಿಲ್ಲ. ಅದು ಬೆಳಕನ್ನು ಮರದ ತುದಿಗೆ ಕಳಿಸಿತ್ತು.

ಕೆಲಸ ಮುಗಿಯಿತು ಅನ್ನುವಾಗ ತಮ್ಮ ಒಂದು ಡಬ್ಬಿ ತಂದ. ಎಚ್4 ಜಾಗದಲ್ಲಿ ಕೂರುವ ಎಲ್‌ಇಡಿ ಬಲ್ಬು.

"ಇದನ್ನ ಮೊದಲೇ ಹಾಕಿದ್ರೆ ರಿಲೇನೂ ಬೇಕಿರಲಿಲ್ಲ, ಕರೆಂಟೂ ಅರ್ಧಕ್ಕರ್ಧ ಉಳೀತಿತ್ತು," ಅಂದ.

ಕರೆಂಟಿನ ಮಾತು ನಿಜ. ಹಾಕಿ ನೋಡಿದೆವು. ಹಿಂದಿನ ಫ್ಯಾನು ಬಟ್ಟಲಿಗೆ ತಾಗುತ್ತಿತ್ತು, ರಬ್ಬರ್ ಟೋಪಿ ಕೂರಲಿಲ್ಲ. ಆದರೂ ಹಚ್ಚಿದಾಗ ಗೋಡೆ ಹಾಲಿನ ಹಾಗೆ ಬೆಳಗಿತು. ತಮ್ಮ ನನ್ನ ಮುಖ ನೋಡಿದ, ಗೆದ್ದೆ ಅನ್ನುವ ಹಾಗೆ. ನಾನು ಗೆರೆ ಹುಡುಕಿದೆ. ಗೆರೆ ಇರಲಿಲ್ಲ. ಚಾಕುವಿನ ಅಂಚಿದ್ದ ಕಡೆ ಮೋಡದಂಥ ಅಂಚು, ಮೇಲಕ್ಕೆ ಅಲ್ಲಲ್ಲಿ ಬೆಳಕಿನ ಚೂರುಗಳು. ದೀಪದ ಕನ್ನಡಿಯನ್ನು ಕೆಲವೇ ಮಿಲಿಮೀಟರ್ ಉದ್ದದ ಒಂದು ಎಳೆಗೆ ಅಂತ ಲೆಕ್ಕ ಹಾಕಿ ಬಾಗಿಸಿರುತ್ತಾರೆ. ಆ ಎಳೆ ಸುತ್ತಲೂ ಬೆಳಕು ಚೆಲ್ಲುತ್ತದೆ. ಎಲ್‌ಇಡಿ ಬಲ್ಬಿನಲ್ಲಿ ಒಂದು ಪಟ್ಟಿಯ ಎರಡು ಬದಿಗೆ ಚಿಪ್ ಅಂಟಿಸಿರುತ್ತಾರೆ. ಬೆಳಕು ಹೊರಡುವ ಜಾಗ ಒಂದು ಕೂದಲೆಳೆ ಆಚೀಚೆ ಆದರೂ ಅದು ಬೀಳುವ ಜಾಗ ಕೆಟ್ಟುಹೋಗುತ್ತದೆ. 7 ಇಂಚಿನ ಪೂರ್ತಿ ಎಲ್‌ಇಡಿ ದೀಪವೇ ಬೇರೆ, ಅದರ ಮಸೂರವನ್ನು ಅದಕ್ಕೇ ಅಂತ ಮಾಡಿರುತ್ತಾರೆ, ಒಳ್ಳೆಯವು ಚೆನ್ನಾಗೇ ಇವೆ. ಆದರೆ ಈ ಅರವತ್ತು ವರ್ಷದ ಮುಖಕ್ಕೆ ಆ ಕಣ್ಣು ನನಗೆ ಒಗ್ಗಲಿಲ್ಲ. ಅದು ನನ್ನ ಹಟ ಅಂತಲೇ ಇಟ್ಟುಕೊಳ್ಳಿ.

ತಮ್ಮ ಒಪ್ಪಲಿಲ್ಲ. ಗೋಡೆ ಯಾಕೆ ಬೇಕು, ರಸ್ತೆಯಲ್ಲೇ ನೋಡೋಣ ಅಂದ. ನನಗೂ ಅದೇ ಬೇಕಿತ್ತು. ರಾತ್ರಿ ಹತ್ತರ ಮೇಲೆ, ಓಡಾಟ ಇಲ್ಲದ ಒಂದು ನೇರ ರಸ್ತೆಗೆ ಹೋದೆವು. ಅವನು ನನ್ನ ಕಾರನ್ನು ಎಲ್‌ಇಡಿ ಲೋ ಬೀಮ್ ಹಾಕಿಕೊಂಡು ಆ ತುದಿಯಿಂದ ತಂದ. ನಾನು ಅವನ ಕಾರಿನಲ್ಲಿ ಈ ತುದಿಯಿಂದ ಹೊರಟೆ. ನೂರು ಮೀಟರ್ ಇರುವಾಗಲೇ ಕೈ ತಾನಾಗಿ ಕಣ್ಣಿಗೆ ಅಡ್ಡ ಬಂತು. ರಸ್ತೆಯ ಎಡ ಅಂಚು ಎಲ್ಲಿದೆ ಅಂತ ತಿಳಿಯದೆ ಗಾಡಿ ನಿಲ್ಲಿಸಿಬಿಟ್ಟೆ.

ನನ್ನ ಸೀಟಿನಲ್ಲಿ ಅವನನ್ನು ಕೂರಿಸಿ ಇನ್ನೊಂದು ಸಲ ಮಾಡಿದೆವು. ಈ ಸಲ ಬೈಗುಳ ಅವನ ಬಾಯಿಂದಲೇ ಬಂತು.

ಅಲ್ಲೇ ರಸ್ತೆ ಪಕ್ಕದಲ್ಲಿ ಟಾರ್ಚ್ ಹಿಡಿದು ಹ್ಯಾಲೊಜೆನ್ ವಾಪಸ್ ಹಾಕಿದೆವು. ಹತ್ತು ನಿಮಿಷದ ಕೆಲಸ, ಕೈ ಪಳಗಿತ್ತು. ಅವನು ನನ್ನ ಕಾರು ತೆಗೆದುಕೊಂಡು ಆ ತುದಿಗೆ ಹೋದ, ನಾನು ಅವನದರಲ್ಲಿ ಈ ತುದಿಯಿಂದ ಹೊರಟೆ. ದೂರದಲ್ಲಿ ಎರಡು ದುಂಡು ದೀಪ ಕಂಡವು, ಹತ್ತಿರ ಬಂದವು, ಪಕ್ಕದಲ್ಲಿ ಹಾದು ಹೋದವು. ಕಣ್ಣು ಕಿರಿದಾಗಲಿಲ್ಲ. ಗಾಡಿ ತಿರುಗಿಸಿಕೊಂಡು ಅವನ ಪಕ್ಕ ನಿಲ್ಲಿಸಿದೆ.

"ಚುಚ್ಚಿತಾ?" ಅಂದ.

"ಇಲ್ಲ. ನಿನಗೆ ಕಾಣಿಸ್ತಾ?"

"ನಿನ್ನ ಮುಖ ಕಾಣ್ಲಿಲ್ಲ. ನಂಬರ್ ಪ್ಲೇಟ್ ಆ ಮೂಲೆಯಿಂದಲೇ ಓದಿದೆ. ಪ್ಲೇಟಿನ ಎಡಗಡೆ ಸ್ಕ್ರೂ ಬಿದ್ದುಹೋಗಿದೆ ಕಣೋ ಅಣ್ಣ, ನನಗೇ ಗೊತ್ತಿರಲಿಲ್ಲ."

ಇಳಿದು ನೋಡಿದೆ. ಬಿದ್ದುಹೋಗಿತ್ತು.